ಕತ್ತರಿಸಬೇಕಿದ್ದ ಅಂಚು

ಬೈಂಡಿಂಗ್ ಅಂಗಡಿಯಲ್ಲಿ ಅಂಚು ಸವರುವುದೆಂದರೆ ಕೂದಲೆಳೆಯಷ್ಟು. ಅಪ್ಪ ತಮ್ಮ ಹಳೆಯ ಪುಸ್ತಕ ಕೊಟ್ಟು ಹೇಳಿದ್ದು ಒಂದಿಂಚು. "ಹೊರಗಿನ ಅಂಚು ಪೂರ್ತಿ ಹಾರಿಸಿಬಿಡು. ಒಳಗೆ ನೋಡೋಕೆ ಹೋಗಬೇಡ."

ಬೇಡ ಅಂದದ್ದನ್ನು ಬಿಡುವ ಜಾಯಮಾನ ಅಂಗಡಿಯಲ್ಲಿ ಕೆಲಸಕ್ಕಿದ್ದ ಕಿರಿಮಗನದಲ್ಲ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನು, ನಿಜ. ಅಪ್ಪನ ಅಕ್ಷರ ಗುರುತಿಸಲು ಏಳನೇ ಕ್ಲಾಸೇ ಹೆಚ್ಚು.

ಅದು ಕುರ್‌ಆನಿನ ವ್ಯಾಖ್ಯಾನ. ಮೂವತ್ತು ವರ್ಷದಿಂದ ಅಪ್ಪ ಮದರಸಾದಲ್ಲಿ ಪಾಠ ಹೇಳುತ್ತಿರುವುದು ಇದನ್ನೇ. ಅಲ್ಲಾಹನು ಸಿಂಹಾಸನದ ಮೇಲೆ ನೆಲೆಗೊಂಡ ಎಂಬಲ್ಲಿ, ಪಕ್ಕದ ಅಂಚಿನಲ್ಲಿ, ಮಾಸಿದ ಶಾಯಿ: "ಕೂತ ಅಂತಲ್ಲ, ಆಳುತ್ತಾನೆ ಅಂತ. ಕೂರಲು ಅವನಿಗೇನು ಮೈ ಇದೆಯೇ?"

ಇದೇ ಮಾತು! ಎರಡು ವರ್ಷದ ಹಿಂದೆ ಅಣ್ಣ ಇದೇ ಮಾತಾಡಿದ್ದಕ್ಕಲ್ಲವೇ ಅವನ ಬಟ್ಟೆಬರೆ ಬೀದಿಗೆ ಬಿದ್ದದ್ದು? "ಇದ್ದದ್ದನ್ನ ಇದ್ದ ಹಾಗೇ ನಂಬು, ಹೇಗೆ ಅಂತ ಕೇಳಬೇಡ. ಅರ್ಥ ತಿರುಚೋನಿಗೆ ಈ ಮನೇಲಿ ಅನ್ನ ಇಲ್ಲ" ಎಂದು ಗುಡುಗಿದವರು ಯಾರು?

ಪುಸ್ತಕ ಕಂಕುಳಲ್ಲಿ ಅವುಚಿಕೊಂಡು ಮನೆಗೆ ನುಗ್ಗಿದ.

"ಯಾರ ಅಕ್ಷರ ಇದು?"

ಅಪ್ಪನ ಮುಖ ಸುಣ್ಣವಾಯಿತು. "ನೋಡಬೇಡ ಅಂದಿದ್ದೆ."

"ನೋಡಾಯ್ತು. ಹೇಳಿ."

"ಆಗ ನನಗಿನ್ನೂ ಇಪ್ಪತ್ತೆರಡು. ಮದರಸಾದ ಹಿರಿಯ ಗುರುಗಳು ಇದನ್ನ ಕಂಡುಬಿಟ್ರು. ಬಾಯಿ ಬಿಟ್ರೆ ಕೆಲಸ ಹೋಗುತ್ತೆ ಅಂದ್ರು. ಮನೇಲಿ ನಾಲ್ಕು ಹೊಟ್ಟೆ ಇತ್ತಪ್ಪಾ."

"ಅಣ್ಣನಿಗೆ ಇರಲಿಲ್ವಾ ಹೊಟ್ಟೆ?"

ಅಪ್ಪ ತಲೆ ಎತ್ತಲಿಲ್ಲ. "ಬರೋ ವಾರ ನನ್ನ ಪುಸ್ತಕ ಎಲ್ಲ ಮದರಸಾಕ್ಕೆ ಕೊಡಬೇಕು. ಹುಡುಗರು ಇದನ್ನ ನೋಡಿದ್ರೆ..."

"ಹುಡುಗರ ಮಾತು ಆಮೇಲೆ. ಮೊದಲು ಅಣ್ಣ ನೋಡ್ಲಿ!"

ಕಂದು ಕಾಗದ ಎಳೆದು, ಅಂಚು ಹಾಗೇ ಇದ್ದ ಪುಸ್ತಕವನ್ನು ಸುತ್ತಿ ದಾರ ಬಿಗಿದ. ಅಣ್ಣನ ಗೆಳೆಯನೊಬ್ಬ ಯಾವಾಗಲೋ ಹೇಳಿದ್ದ ವಿಳಾಸ ನೆನಪು ಮಾಡಿಕೊಂಡು ಬರೆಯತೊಡಗಿದ. ಅಪ್ಪ ತಡೆಯುತ್ತಾರೆ, ಕಿತ್ತುಕೊಳ್ಳುತ್ತಾರೆ ಅಂದುಕೊಂಡಿದ್ದ. ಕಿತ್ತುಕೊಂಡರೆ ಏನನ್ನಬೇಕು ಅನ್ನುವುದನ್ನೂ ಬಾಯಲ್ಲಿ ಮಸೆದಿಟ್ಟುಕೊಂಡಿದ್ದ.

ಅಪ್ಪ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಹದಿನೇಳಲ್ಲ. ಮನೆ ನಂಬರು ಎಪ್ಪತ್ತೊಂದು. ಮೆಟ್ಟಿಲ ಪಕ್ಕದ ಬಾಗಿಲು."

ಬರೆಯುತ್ತಿದ್ದ ಪೆನ್ನು ನಿಂತುಬಿಟ್ಟಿತು.

"ನಿಮಗೆ... ನಿಮಗೆ ಹೇಗೆ ಗೊತ್ತು?"

"ಪ್ರತಿ ಶುಕ್ರವಾರ ಆ ಬೀದಿ ತನಕ ಹೋಗ್ತೀನಿ," ಅಂದರು ಅಪ್ಪ. "ಬಾಗಿಲು ತಟ್ಟೋಕೆ ಆಗಿಲ್ಲ."

ಅಪ್ಪ ಕಟ್ಟನ್ನು ಎತ್ತಿಕೊಂಡು, ಬಾಗಿಲಲ್ಲಿ ಚಪ್ಪಲಿ ಹುಡುಕತೊಡಗಿದರು.