ಮಾಚಿಕಬ್ಬೆಯ ಮಗಳು

ಸಂಯುಕ್ತಾ ಅಮ್ಮನ ಕೂದಲಿನ ಕೊನೆಯ ಸಿಕ್ಕು ಬಿಡಿಸುತ್ತಿದ್ದಾಗ ಬಾಗಿಲ ಬಳಿ ನಿಂತಿದ್ದ ಹೆಲೆನ್ ಮೆಲುದನಿಯಲ್ಲಿ ಕೇಳಿದಳು: "ಇನ್ನೆರಡು ಪ್ರಶ್ನೆ ಉಳಿದಿವೆ. ಈಗ ಕೇಳಲೇ, ಆಮೇಲೆ ಬರಲೇ?"

"ಈಗಲೇ ಕೇಳಿ."

ನ್ಯೂಜಿಲೆಂಡಿನ ಅಪ್ಪರ್ ಹಟ್ ಎಂಬ ಊರಿನಲ್ಲಿ ಸತ್ತವರ ಕಡೆಯ ಕೆಲಸಗಳನ್ನು ನಡೆಸಿಕೊಡುವ ಮನೆ ಅದು. ಹೆಲೆನ್ ಅದರ ಒಡತಿ. ಅವಳ ಕೈಯಲ್ಲಿದ್ದ ಮರಣ ನೋಂದಣಿಯ ಫಾರಂ ಬಹುಪಾಲು ತುಂಬಿತ್ತು. ಹೆಸರು ಪದ್ಮಾವತಿ, ವಯಸ್ಸು ಎಪ್ಪತ್ತು, ಹುಟ್ಟಿದ್ದು ಶ್ರವಣಬೆಳಗೊಳ, ಗಂಡ ವಿಶ್ವೇಶ್ವರ ತೀರಿಕೊಂಡು ಹದಿಮೂರು ವರ್ಷ, ಕೆಲಸ ವೃದ್ಧಾಶ್ರಮದ ಲಾಂಡ್ರಿಯಲ್ಲಿ.

"ಅವರ ತಾಯಿಯ ಹೆಸರು?"

"ಮಾಚಿಕಬ್ಬೆ."

ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಇದ್ದದ್ದು ಅದೇ. ಸಂಯುಕ್ತಾ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು, ಹೆಲೆನ್ ಬರೆದುಕೊಂಡಳು.

"ಆ ತಾಯಿಯ ಕುಲನಾಮ? ಮದುವೆಗೆ ಮುಂಚಿನದು."

ಬಾಚಣಿಗೆ ನಿಂತಿತು. ಕಿಟಕಿಯಾಚೆ ಸೆಪ್ಟೆಂಬರಿನ ಮಂಜು ಹಟ್ ಕಣಿವೆಯನ್ನು ತುಂಬಿಕೊಂಡಿತ್ತು. ಬೆಟ್ಟಗಳಿರಬೇಕಾದ ಕಡೆ ಬರೀ ಬಿಳುಪು. ಮೂರು ದಿನದಿಂದ ಸರಿಯಾಗಿ ನಿದ್ದೆಯಿಲ್ಲದ ಸಂಯುಕ್ತಾಗೆ ತಾನಿದ್ದ ಕೋಣೆಯೇ ಎಲ್ಲಿಗೋ ತೇಲಿ ಹೋಗುತ್ತಿದೆ ಅನ್ನಿಸಿತು. ಅಜ್ಜಿಯನ್ನು ಅವಳು ನೋಡಿರಲಿಲ್ಲ. ಒಂದು ಫೋಟೋವೂ ಇರಲಿಲ್ಲ. ಅಜ್ಜಿ ಬೇಗ ಹೋಗಿಬಿಟ್ಟಳಂತೆ, ಜಯಮ್ಮ ಎನ್ನುವವಳು ಅಮ್ಮನನ್ನು ಸಾಕಿದಳಂತೆ. ಗೊತ್ತಿದ್ದದ್ದು ಅಷ್ಟೇ.

"ಮಧ್ಯಾಹ್ನದೊಳಗೆ ಹೇಳುತ್ತೇನೆ," ಎಂದಳು.

ಹೊರಗಿನ ಹಾಲ್‌ನಲ್ಲಿ ಉದಯಶಂಕರ್ ಕಾಯುತ್ತಿದ್ದರು. ವೆಲ್ಲಿಂಗ್ಟನ್ನಿನ ಕನ್ನಡದವರಲ್ಲಿ ಹಿರಿಯರು, ಮದುವೆಗೂ ಸಾವಿಗೂ ನಾಲ್ಕು ಮಾತು ಆಡಬೇಕಾದವರು ಅವರೇ. ಮಡಿಸಿದ ಹಾಳೆಯೊಂದನ್ನು ಜೇಬಿನಿಂದ ತೆಗೆದರು.

"ಶಾರ್ಟ್ ಆಗೇ ಬರ್ದಿದೀನಮ್ಮ. ಶಾಂತಲಾದೇವಿ ತಾಯಿ ಕಡೆ ವಂಶದವರು ಅಂತ ಶುರು ಮಾಡ್ತೀನಿ. ಹೊಯ್ಸಳ ರಾಣಿ ವಂಶದ ಹೆಣ್ಣುಮಗಳು ಇಲ್ಲಿ ಬಂದು ಲಾಂಡ್ರಿ ಕೆಲಸ ಮಾಡಿದ್ರು ಅಂದ್ರೆ, ಎಷ್ಟು ಸಿಂಪಲ್ ಇದ್ರು ನೋಡು."

"ಹಾಗಂತ ಅಮ್ಮ ನಿಮ್ಗೆ ಹೇಳಿದ್ರಾ ಅಂಕಲ್?"

"ಬಾಯಿಬಿಟ್ಟು ಹೇಳ್ಲಿಲ್ಲ. ತಾಯಿ ಯಾರು ಅಂತ ಒಂದ್ಸಲ ಕೇಳ್ದೆ. ಮಾಚಿಕಬ್ಬೆ ಅಂದ್ರು. ಅವರಮ್ಮ ಬಾಚಿಕಬ್ಬೆ ಅಂದ್ರು. ನಾನು ಮನೇಗ್ ಹೋಗಿ ಶಾಸನದ ಪುಸ್ತಕ ತೆಗ್ದು ನೋಡ್ತೀನಿ, ಅದೇ ಹೆಸರು! ಎಲ್ಲರಿಗೂ ಗೊತ್ತಿರೋ ವಿಷಯ ಅಲ್ವೇನಮ್ಮ ಇದು?"



*

ಇಪ್ಪತ್ತಾರು ವರ್ಷದ ಹಿಂದೆ, ಮೈಸೂರಿನಲ್ಲಿ. ಸಂಯುಕ್ತಾ ಆಗ ಬಿ.ಎ. ಮೊದಲ ವರ್ಷ. ಇತಿಹಾಸದ ಮೇಷ್ಟ್ರು ಶ್ರವಣಬೆಳಗೊಳದ ಶಾಸನಗಳ ಮಾತೆತ್ತಿದಾಗ, ಅದು ನಮ್ಮಮ್ಮನ ಊರು ಎಂದು ಅವಳು ಎದ್ದು ನಿಂತಳು. ನಮ್ಮಜ್ಜಿ ಮಾಚಿಕಬ್ಬೆ, ಅವರಮ್ಮ ಬಾಚಿಕಬ್ಬೆ, ಬಾಚಿಕಬ್ಬೆಯ ಅತ್ತೆ ಚಂದಿಕಬ್ಬೆ ಎಂದು ತೊಟ್ಟಿಲಲ್ಲಿ ಕಲಿತದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದಳು.

ಮೇಷ್ಟ್ರು ನಕ್ಕರು. "ಅದು ಚಿಕ್ಕಬೆಟ್ಟದ ಕಲ್ಲಿನ ಮೇಲಿರೋ ಶಾಂತಲೆಯ ತಾಯಿಮನೆ ವಂಶಾವಳಿ ಕಣಮ್ಮ. ನಿಮ್ಮಜ್ಜಿಗೆ ಈಗ ಎಂಟುನೂರು ವರ್ಷವೇನು?"

ಇಡೀ ತರಗತಿ ನಕ್ಕಿತು. ವರ್ಷವಿಡೀ ಹುಡುಗರು ಅವಳನ್ನು ಪಟ್ಟಮಹಿಷಿ ಎಂದೇ ಕರೆದರು.

ಆ ಸಂಜೆ ಅವಳು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನುಗ್ಗಿದ್ದಳು. "ಯಾಕಮ್ಮ ಸುಳ್ಳು ಹೇಳ್ದೆ? ಕಲ್ಲಲ್ಲಿರೋ ಹೆಸರನ್ನ ನಮ್ಮೋರು ಅಂತ ಯಾಕೆ ಹೇಳ್ಕೊಟ್ಟೆ? ನಿನ್ನಮ್ಮನ ಹೆಸರು ಹೇಳೋಕೂ ನಿಂಗೆ ನಾಚಿಕೆನಾ?"

ಪದ್ಮಾವತಿ ಅವರೆಕಾಯಿ ಸುಲಿಯುತ್ತಿದ್ದಳು. ಮುಖ ಎತ್ತಿದಳು. ಏನೋ ಹೇಳಲು ತುಟಿ ತೆರೆದಳು. ಆಮೇಲೆ ತಲೆ ತಗ್ಗಿಸಿ ಮತ್ತೊಂದು ಕಾಯಿ ಕೈಗೆತ್ತಿಕೊಂಡಳು.

ಅದಾದ ಮೇಲೆ ಆ ಹೆಸರುಗಳು ಅಮ್ಮ ಮಗಳ ನಡುವೆ ಒಮ್ಮೆಯೂ ಬರಲಿಲ್ಲ. ಗಂಡ ತೀರಿಕೊಂಡ ಮೇಲೆ ಪದ್ಮಾವತಿ ಮಗಳ ಜೊತೆಗಿರಲು ನ್ಯೂಜಿಲೆಂಡಿಗೆ ಬಂದಳು, ಲಾಂಡ್ರಿಯಲ್ಲಿ ಹತ್ತು ವರ್ಷ ದುಡಿದಳು, ಮೊಮ್ಮಗಳು ಸ್ಮೃತಿಯನ್ನು ಬೆಳೆಸಿದಳು. ಇಬ್ಬರೂ ಒಂದೇ ಸೂರಿನ ಕೆಳಗೆ ಪ್ರೀತಿಯಿಂದಲೇ ಇದ್ದರು. ಆ ಒಂದು ಬಾಗಿಲು ಮಾತ್ರ ಮುಚ್ಚಿಯೇ ಇತ್ತು.

*

ಮಾಸೂಮಾ ಹನ್ನೊಂದು ಗಂಟೆಗೆ ಬಂದಳು. ಪದ್ಮಾವತಿಯ ಬಾಲ್ಯದ ಗೆಳತಿ. ಆಕ್ಲೆಂಡಿನ ಆಲ್ಬನಿಯಲ್ಲಿ ಮಗ ಅಫ್ಜಲ್‌ನ ಜೊತೆ ಇದ್ದವಳು, ಮಂಜು ಸರಿದ ಮೇಲೆ ಇಳಿದ ಮೊದಲ ವಿಮಾನದಲ್ಲಿ ಒಬ್ಬಳೇ ಬಂದಿದ್ದಳು. ಒಳಗೆ ಬಂದವಳೇ ಕುರ್ಚಿಯನ್ನು ಪೆಟ್ಟಿಗೆಯ ಪಕ್ಕಕ್ಕೆ ಎಳೆದುಕೊಂಡು ಗೆಳತಿಯ ಕೆನ್ನೆ ಮುಟ್ಟಿದಳು.

"ಎಷ್ಟ್ ತಣ್ಣಗಾಗಿದೀಯೆ ಪದ್ದಿ," ಎಂದಳು. ತುಸು ಹೊತ್ತಿನ ಮೇಲೆ ಸಂಯುಕ್ತಾಳ ಕಡೆ ತಿರುಗಿ, "ಏನಾದ್ರೂ ತಿಂದ್ಯಾ ಮಗಾ?" ಎಂದಳು.

"ಮಾಸೂಮಾ ಆಂಟಿ, ನಮ್ಮಜ್ಜಿ ಹೆಸರೇನು? ನಿಜವಾದ ಹೆಸರು."

"ಯಾಕೆ, ಮಾಚಿಕಬ್ಬೆ."

"ಅದು ರಾಣಿ ಅಮ್ಮನ ಹೆಸರು. ಎಲ್ಲರೂ ನಾವು ರಾಣಿ ವಂಶ ಅಂದ್ಕೊಂಡಿದಾರೆ. ಇವತ್ತು ಎಲ್ಲರ ಮುಂದೆ ಹೇಳ್ತಾರೆ. ಫಾರಂನಲ್ಲೂ ಬರೀತಾರೆ. ನಂಗೆ ಗೊತ್ತಾಗ್ಬೇಕು ಆಂಟಿ."

ಮಾಸೂಮಾ ಬಹಳ ಹೊತ್ತು ಗೆಳತಿಯ ಮುಖವನ್ನೇ ನೋಡಿದಳು, ಅವಳ ಅನುಮತಿ ಕೇಳುವವಳಂತೆ.

"ಗೊತ್ತಿಲ್ಲ ಕಣ್ ಮಗಾ," ಎಂದಳು ಕಡೆಗೆ. "ಅವಳಿಗೂ ಗೊತ್ತಿರ್ಲಿಲ್ಲ. ಯಾರ್ಗೂ ಗೊತ್ತಿರ್ಲಿಲ್ಲ."

*

ಎಪ್ಪತ್ತು ವರ್ಷದ ಹಿಂದೆ, ಶ್ರವಣಬೆಳಗೊಳದಲ್ಲಿ. ಯಾತ್ರಿಕರು ಇಳಿದುಕೊಳ್ಳುವ ಛತ್ರದ ಜಗಲಿಯ ಮೇಲೆ ಒಂದು ಬೆಳಗ್ಗೆ ಆ ಕೂಸು ಸಿಕ್ಕಿತ್ತು. ಹಿಂದಿನ ದಿನ ಬಂದ ಯಾತ್ರಿಕರ ಗುಂಪು ಹೊರಟುಹೋಗಿತ್ತು. ಛತ್ರದಲ್ಲಿ ಅಡುಗೆ ಮಾಡುತ್ತಿದ್ದ ವಿಧವೆ ಜಯಮ್ಮ ಕೂಸನ್ನು ಎತ್ತಿಕೊಂಡಳು. ಪದ್ಮಾವತಿ ಎಂದು ಹೆಸರಿಟ್ಟಳು. ತನ್ನನ್ನು ಅಮ್ಮ ಎಂದು ಕರೆಯಲು ಮಾತ್ರ ಬಿಡಲಿಲ್ಲ.

ಹುಡುಗಿಗೆ ಆರು ವರ್ಷವಾದಾಗ ಶಾಲೆಗೆ ಸೇರಿಸಲು ಕರೆತಂದಳು. ಅದೇ ದಿನ ಮಾಸೂಮಾಳನ್ನೂ ಅವಳ ಅಪ್ಪ ಕರೆತಂದಿದ್ದ. ಇಬ್ಬರು ಹುಡುಗಿಯರೂ ಮೇಷ್ಟ್ರ ಮೇಜಿನ ಮುಂದೆ ಒಟ್ಟಿಗೆ ನಿಂತಿದ್ದರು.

"ಅಪ್ಪನ ಹೆಸರು?" ಎಂದು ಹೆಡ್ಮೇಷ್ಟ್ರು ಕೇಳಿದರು.

"ಗೊತ್ತಿಲ್ಲ ಸ್ವಾಮಿ," ಎಂದಳು ಜಯಮ್ಮ.

ಮೇಷ್ಟ್ರು ಆ ಜಾಗದಲ್ಲಿ ಗೆರೆ ಎಳೆದರು. "ಅಮ್ಮನ ಹೆಸರಾದ್ರೂ ಬರೀಬೇಕಲ್ಲಮ್ಮ. ನಿನ್ನದೇ ಬರ್ಕೊಳ್ಲಾ?"

"ಬ್ಯಾಡಿ ಸ್ವಾಮಿ. ನಾನು ಸಾಕಿದೋಳು. ಹೆತ್ತೋಳು ನಾಳೆ ಹುಡುಕ್ಕೊಂಡ್ ಬಂದ್ರೆ ಆ ಜಾಗ ಅವಳಿಗೆ ಇರ್ಬೇಕು."

ಆ ವಾರವೆಲ್ಲ ಚಿಕ್ಕಬೆಟ್ಟದ ಮೇಲೆ ಮೈಸೂರಿನಿಂದ ಬಂದ ಪಂಡಿತರೊಬ್ಬರು ಶಾಸನದ ಅಚ್ಚು ತೆಗೆಯುತ್ತಿದ್ದರು. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಕುಂಚದಿಂದ ತಟ್ಟಿ, ಮಸಿ ಒತ್ತಿ, ಕಪ್ಪಿನ ನಡುವೆ ಬೆಳ್ಳಗೆ ಎದ್ದ ಅಕ್ಷರಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಸುತ್ತ ಕೂತ ಮಕ್ಕಳಲ್ಲಿ ಪದ್ದಿಯೂ ಒಬ್ಬಳು. ಇವಳ ತಾಯಿ ಇವಳು, ಅವಳ ತಾಯಿ ಅವಳು ಎಂದು ಕಲ್ಲು ಹೇಳುತ್ತಲೇ ಹೋಗುವುದನ್ನು ಅವಳು ಬಾಯಿ ತೆರೆದು ಕೇಳಿದ್ದಳು. ಮಗಳು ಶಾಂತಲೆ ಸತ್ತ ದುಃಖದಲ್ಲಿ ತಾಯಿ ಮಾಚಿಕಬ್ಬೆ ಅನ್ನ ನೀರು ಬಿಟ್ಟು ಪ್ರಾಣ ನೀಗಿದಳು ಎಂದು ಪಂಡಿತರು ಹೇಳಿದಾಗ, "ಮಗಳು ಬೇಕು ಅಂತಾನಾ?" ಎಂದು ಎದ್ದು ಕೇಳಿದ್ದಳು.

"ಹೂಂ, ಮಗಳು ಬೇಕು ಅಂತಲೇ," ಎಂದಿದ್ದರು ಅವರು.

ಈಗ ಮೇಷ್ಟ್ರ ಮೇಜಿನ ಮೇಲೆ ಎರಡೂ ಕೈ ಊರಿ ಅವಳು ಹೇಳಿದಳು: "ಬರ್ಕೊಳ್ಳಿ. ನಮ್ಮಮ್ಮ ಮಾಚಿಕಬ್ಬೆ."

ಮೇಷ್ಟ್ರು ಲೇಖನಿ ಎತ್ತಿ ಅವಳನ್ನು ನೋಡಿದರು. ಬಾಗಿಲಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದ ಜಯಮ್ಮನನ್ನು ನೋಡಿದರು. ಅವರಿಗೆ ಆ ಹೆಸರು ಯಾರದೆಂದು ಗೊತ್ತಿರಲಿಲ್ಲವೆಂದಲ್ಲ. ಮಸಿಗೆ ಅದ್ದಿ, ದುಂಡಗೆ ಬರೆದರು.

*

"ಹೆತ್ತೋಳು ಬರ್ಲೇ ಇಲ್ಲ," ಎಂದಳು ಮಾಸೂಮಾ. "ಆ ಹೆಸರೇ ಸರ್ಟಿಫಿಕೇಟಿಗೆ ಬಂತು, ಪಾಸ್‌ಪೋರ್ಟಿಗೆ ಬಂತು. ರಾಣಿ ಆಗೋ ಆಸೆ ಅಲ್ಲ ಮಗಾ ಅವಳಿಗೆ. ರಾಣಿ ಗಿರಾಣಿ ಕಟ್ಕೊಂಡು ಅವಳಿಗೇನಾಗ್ಬೇಕಿತ್ತು? ಮಗಳಿಗೋಸ್ಕರ ಪ್ರಾಣ ಬಿಡೋ ಅಂಥ ಒಬ್ಬ ಅಮ್ಮ ಬೇಕಿತ್ತು, ಅಷ್ಟೇ."

ಸಂಯುಕ್ತಾ ಗೋಡೆಗೆ ಒರಗಿದಳು. ಕಣ್ಣ ಮುಂದೆ ಅವರೆಕಾಯಿಯ ಸಿಪ್ಪೆ, ಮೇಲೆತ್ತಿದ ಅಮ್ಮನ ಮುಖ, ಅರ್ಧ ತೆರೆದ ತುಟಿ. "ನಂಗೆ ಯಾಕೆ ಹೇಳ್ಲಿಲ್ಲ?"

"ಐ ನ್ಯೂ, ಮಮ್."

ಸ್ಮೃತಿ ಬಾಗಿಲಲ್ಲಿ ನಿಂತಿದ್ದಳು. ಹದಿನಾಲ್ಕರ ಹುಡುಗಿ, ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುವುದು ಇಂಗ್ಲಿಷ್. ಅಜ್ಜಿ ಎರಡು ವರ್ಷದ ಕೆಳಗೇ ತನಗೆಲ್ಲ ಹೇಳಿದ್ದರು ಎಂದಳು. ಶಾಲೆಯಲ್ಲಿ ತಮ್ಮ ಹಿರಿಯರ ಬಗ್ಗೆ ಬರೆಯಬೇಕಿತ್ತಂತೆ, ಆಗ. ಅಮ್ಮನಿಗೆ ಯಾಕೆ ಹೇಳಲಿಲ್ಲ ಎಂದು ತಾನೂ ಕೇಳಿದ್ದಳಂತೆ. ಅಜ್ಜಿಯ ಉತ್ತರವನ್ನು ಮಾತ್ರ ಹುಡುಗಿ ತಡವರಿಸುತ್ತ ಕನ್ನಡದಲ್ಲೇ ಹೇಳಿದಳು:

"ಈಗ ಹೇಳಿದ್ರೆ, ಅವತ್ತು ಬೈದಿದ್ದಕ್ಕೆ ಅವಳು ನೊಂದ್ಕೊಳ್ತಾಳೆ ಪುಟ್ಟಾ."

ಸಂಯುಕ್ತಾ ಆಗ ಅತ್ತಳು. ಮೂರು ದಿನದಲ್ಲಿ ಮೊದಲ ಸಲ. ಮಾಸೂಮಾ ಅವಳನ್ನು ಸುಮ್ಮನಾಗಿಸಲು ಹೋಗಲಿಲ್ಲ.

ಹನ್ನೆರಡೂವರೆಗೆ ಹೆಲೆನ್ ಫಾರಂ ತಂದಳು. ಸಂಯುಕ್ತಾ ಪೆನ್ನು ತೆಗೆದುಕೊಂಡು, ಮಾಚಿಕಬ್ಬೆ ಎಂದು ಬರೆದಿದ್ದ ಹೆಸರಿನ ಮುಂದಿನ ಖಾಲಿ ಜಾಗದಲ್ಲಿ, ಕುಲನಾಮ ಎಂದಿದ್ದಲ್ಲಿ, ಜಯಮ್ಮ ಎಂದು ತಾನೇ ಬರೆದಳು.

*

ಗುಡ್ಡದ ಮೇಲಿನ ಕ್ರೆಮಟೋರಿಯಂನ ಚಾಪೆಲ್‌ನಲ್ಲಿ ನಲವತ್ತು ಜನ ಸೇರಿದ್ದರು. ಮೊದಲು ಮಾತಾಡಿದವಳು ಅರೋಹಾ, ಲಾಂಡ್ರಿಯಲ್ಲಿ ಪದ್ಮಾವತಿಯ ಜೊತೆ ಕೆಲಸ ಮಾಡಿದ, ಈ ನಾಡಿನ ಮೂಲನಿವಾಸಿ ಮಾವೊರಿ ಹೆಂಗಸು.

"ವೃದ್ಧಾಶ್ರಮದಲ್ಲಿ ಬಟ್ಟೆಗಳು ಅದಲುಬದಲಾಗದ ಹಾಗೆ ಕೊರಳಪಟ್ಟಿಗೆ ಹೆಸರು ಹಾಕಬೇಕು," ಎಂದಳು. "ನಾವೆಲ್ಲ ಇಸ್ತ್ರಿಯಲ್ಲಿ ಅಂಟಿಸುವ ಪಟ್ಟಿ ಬಳಸುತ್ತಿದ್ದೆವು. ಪದ್ಮಾ ಸೂಜಿಯಿಂದಲೇ ಹೊಲಿಯುತ್ತಿದ್ದಳು. ಅಂಟಿಸಿದ್ದು ಬಿದ್ದುಹೋಗುತ್ತೆ ಅಂತಿದ್ದಳು. ಮರೆವಿನ ಮುದುಕಿಯರ ಹತ್ತಿರ ಕೂತು ನಿಮ್ಮಮ್ಮನ ಹೆಸರೇನು ಅಂತ ಕೇಳುತ್ತಿದ್ದಳು. ತಮ್ಮ ಹೆಸರೇ ಮರೆತವರೂ ಅದನ್ನು ಹೇಳುತ್ತಿದ್ದರು. ನಾನು ಅವಳ ಹಿರಿಯರ ಬಗ್ಗೆ ಕೇಳಿದಾಗ ಮೇಲಕ್ಕೆ ಮೇಲಕ್ಕೆ ಹೇಳುತ್ತ ಹೋದಳು. ನಾವು ಮಾವೊರಿಗಳೂ ಹೀಗೇ ಹಿರಿಯರ ಹೆಸರು ಹೇಳಿಯೇ ನಮ್ಮ ಪರಿಚಯ ಹೇಳಿಕೊಳ್ಳುವುದು, ಹಾಗಾದರೆ ನೀನೂ ನಮ್ಮವಳೇ ಅಂದೆ."

ಆಮೇಲೆ ಉದಯಶಂಕರ್ ಎದ್ದು ಹಾಳೆ ಬಿಡಿಸಿದರು. ಸಂಯುಕ್ತಾ ಅವರ ತೋಳು ಮುಟ್ಟಿದಳು.

"ಅಂಕಲ್, ನಾನು ಹೇಳ್ತೀನಿ. ಪ್ಲೀಸ್."

ಅವರು ಅವಳ ಮುಖ ನೋಡಿ ಹಾಳೆ ಮಡಿಸಿಕೊಂಡರು.

ಎದುರಿಗೆ ನಿಂತಾಗ ಅವಳಿಗೆ ಎಲ್ಲವೂ ನೀರಿನೊಳಗಿಂದ ನೋಡಿದ ಹಾಗೆ ಕಂಡಿತು. ಹಿಂದಿನ ಸಾಲಿನ ಖಾಲಿ ಕುರ್ಚಿಗಳ ಮೇಲೆ ಬಣ್ಣದ ಗಾಜಿನ ಬೆಳಕು ಬಿದ್ದಿತ್ತು. ದೂರದಿಂದ ನಡೆದು ಬಂದು ದಣಿದ ಹೆಂಗಸರು ಈಗಷ್ಟೇ ಅಲ್ಲಿ ಕೂತು ಸೆರಗು ಸರಿಮಾಡಿಕೊಳ್ಳುತ್ತಿದ್ದಾರೆ ಅನ್ನಿಸಿತು. ಅವಳು ಅವರಿಗೇ ಹೇಳುವಂತೆ ಶುರುಮಾಡಿದಳು.

"ನನ್ನ ಮಗಳು ಸ್ಮೃತಿ. ನಾನು ಸಂಯುಕ್ತಾ. ನಮ್ಮಮ್ಮ ಪದ್ಮಾವತಿ. ಅಮ್ಮನ್ನ ಹೆತ್ತೋರು ಯಾರು ಅಂತ ಯಾರಿಗೂ ಗೊತ್ತಿಲ್ಲ. ಸಾಕಿದ್ದು ಜಯಮ್ಮ. ಆರು ವರ್ಷದೋಳಿದ್ದಾಗ ಅಮ್ಮ ತಾನೇ ಒಬ್ಬ ತಾಯೀನ ಆರಿಸ್ಕೊಂಡ್ಲು. ಅವರ ಹೆಸರು ಮಾಚಿಕಬ್ಬೆ. ಮಾಚಿಕಬ್ಬೆಯ ತಾಯಿ ಬಾಚಿಕಬ್ಬೆ. ಬಾಚಿಕಬ್ಬೆಯ ಅತ್ತೆ..."

ಇಪ್ಪತ್ತಾರು ವರ್ಷ ನಾಲಿಗೆಗೆ ಬಾರದ ಹೆಸರು. ಅವಳ ಮಾತು ಅಲ್ಲಿಗೇ ನಿಂತಿತು. ಉದಯಶಂಕರ್ ತಲೆ ತಗ್ಗಿಸಿದ್ದರು.

ಮುಂದಿನ ಸಾಲಿನಿಂದ ಮಾಸೂಮಾಳ ಒಡೆದ ದನಿ ಬಂತು, ಶಾಲೆಯ ಬೆಂಚಿನಲ್ಲಿ ಪಕ್ಕದವಳಿಗೆ ಪಾಠ ಹೇಳಿಕೊಡುವ ಹಾಗೆ:

"ಚಂದಿಕಬ್ಬೆ."

"ಚಂದಿಕಬ್ಬೆ," ಎಂದಳು ಸಂಯುಕ್ತಾ. ಅವಳ ಜೊತೆಗೇ ಸ್ಮೃತಿಯೂ ಎಂದಳು.

ಪರದೆ ಸರಿಯಿತು. ಪೆಟ್ಟಿಗೆ ಒಳಗೆ ಹೋಯಿತು.

ಹೊರಗೆ ಬಂದಾಗ ಮಂಜು ಪೂರ್ತಿ ಕರಗಿ, ವೆಲ್ಲಿಂಗ್ಟನ್ ಕಡೆಯಿಂದ ಗಾಳಿ ಎದ್ದಿತ್ತು. ಸಂಯುಕ್ತಾಳ ಗಂಡ ಆದರ್ಶ್ ಕಾರು ತರಲು ಮುಂದೆ ಹೋಗಿದ್ದ. ಕಾರ್ ಪಾರ್ಕಿಗೆ ಇಳಿಯುವ ದಾರಿ ಇಕ್ಕಟ್ಟು, ಇಬ್ಬರು ಜೊತೆಯಲ್ಲಿ ನಡೆಯುವಂತಿರಲಿಲ್ಲ. ಮಾಸೂಮಾ ಮುಂದೆ ಹೊರಟಳು. ಗಾಳಿಗೆ ಅವಳ ದುಪಟ್ಟಾ ಹಿಂದಕ್ಕೆ ಹಾರಿತು, ಸಂಯುಕ್ತಾ ಅದರ ತುದಿ ಹಿಡಿದುಕೊಂಡಳು. ಸಂಯುಕ್ತಾಳ ಸೆರಗು ಹಾರಿತು, ಅದನ್ನು ಸ್ಮೃತಿ ಹಿಡಿದುಕೊಂಡಳು. ಹಾಗೆಯೇ ಮೂವರೂ ಒಬ್ಬರ ಹಿಂದೊಬ್ಬರು ತಲೆ ತಗ್ಗಿಸಿ ಗುಡ್ಡ ಇಳಿದರು. ಕಾಲು ಜಾರದಂತೆ ಸ್ಮೃತಿ ತನ್ನ ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿದ್ದಳು. ಬೆರಳು ಬಿಚ್ಚಿದ ಆ ಖಾಲಿ ಕೈ, ಹಿಂದೆ ಬರುವ ಯಾರಿಗೋ ನೀಡಿದಂತೆ, ಗಾಳಿಯಲ್ಲಿ ಹಾಗೇ ಇತ್ತು.