ಗೆಲ್ಲಬೇಕಾದ ಗಾಜು

ಸರೋಜಮ್ಮ ಏಣಿ ಹತ್ತುವುದು ಕಂಡ ಕೂಡಲೇ ಆಸ್ಫಿಯಾ ಸೌದೆ ರಾಶಿಯ ಹಿಂದಕ್ಕೆ ಸರಿದಳು. ಹೀಗೆ ಹೇಳದೆ ಕೇಳದೆ ಬಂದು ಕದ್ದು ನೋಡುವುದಕ್ಕೆ ಅವಳಿಗೇ ನಾಚಿಕೆಯಾಗುತ್ತಿತ್ತು. ಆದರೆ ಹಿಂದಿನ ದಿನ ಅವಳ ಪಿಎಚ್‌ಡಿ ಗೈಡ್ ಫೋನಿನಲ್ಲಿ ಕೇಳಿದ ಮಾತು ಕಿವಿ ಬಿಟ್ಟು ಹೋಗಿರಲಿಲ್ಲ. "ಇಷ್ಟು ಚೆನ್ನಾಗಿರೋ ಅಂಕಿ ನಂಬೋದು ಕಷ್ಟ. ಆಯಮ್ಮ ನಿಜವಾಗ್ಲೂ ಹತ್ತಿ ನೋಡ್ತಾರಾ, ಇಲ್ಲ ಕೂತಲ್ಲೇ ಬರೀತಾರಾ?"

ಹೆತ್ತೂರಿನ ಈ ಕಾಫಿ ಬೀಜ ಇಡುವ ಸ್ಟೋರಿನ ತಾರಸಿಯ ಮೇಲೆ ಅವಳು ಎರಡು ಪುಟ್ಟ ಸೋಲಾರ್ ಪ್ಯಾನೆಲ್ ಇಟ್ಟು ನಾಲ್ಕು ತಿಂಗಳಾಗಿತ್ತು. ಎರಡರ ಗಾಜಿಗೂ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಕಣಗಳ ಲೇಪ. ಹೋಲಿಸಿ ನೋಡಲು ಇಟ್ಟ ಹಳೆಯ ಬಗೆಯದರಲ್ಲಿ ಕಣಗಳು ನಾಟಿ ಹಾಕಿದಂತೆ ಸಾಲಾಗಿದ್ದವು. ಅವಳದರಲ್ಲಿ ಬೀಜ ಎರಚಿದಂತೆ ಚೆಲ್ಲಾಪಿಲ್ಲಿ. ಎಷ್ಟು ಚೆಲ್ಲಾಪಿಲ್ಲಿ ಎಂಬುದನ್ನು ಮಾತ್ರ ಅವಳೇ ಅಳೆದು ತೂಗಿ ನಿಗದಿ ಮಾಡಿದ್ದಳು. ಬೆಳಕು ಆ ಕಣಗಳಿಗೆ ತಾಗಿ ಹತ್ತು ದಿಕ್ಕಿಗೆ ಚದುರಿ ಪ್ಯಾನೆಲ್ಲಿನೊಳಗೇ ಸುತ್ತಾಡಬೇಕು, ಮಂಜಿನ ಊರಲ್ಲೂ ಕರೆಂಟು ಹೆಚ್ಚು ಹುಟ್ಟಬೇಕು. ಅದು ಅವಳ ಆರು ವರ್ಷದ ಕೆಲಸ. ಅದರ ಸಂಶೋಧನಾ ಲೇಖನ ಕಳಿಸಲು ಇನ್ನು ಮೂರೇ ದಿನವಿತ್ತು. ದಿನಾ ಬೆಳಿಗ್ಗೆ ಮೀಟರ್ ನೋಡಿ ಬರೆಯುವ ಕೆಲಸವನ್ನು ಸ್ಟೋರ್ ಕಾಯುವ ಸರೋಜಮ್ಮನಿಗೆ ಒಪ್ಪಿಸಿದ್ದಳು.

ಆಸ್ಫಿಯಾ ಹಿಂದೆಯೇ ಏಣಿ ಹತ್ತಿದಳು.

"ಏನವ್ವ, ಒಂದು ಮಾತೂ ಹೇಳ್ದಂಗೆ ಬಂದ್ಬುಟ್ರಿ?" ಸರೋಜಮ್ಮ ತಲೆಯ ಮೇಲೆ ಹೊದ್ದಿದ್ದ ಗರಿಯ ಗೊರಬು ಸರಿಸಿ ಕೇಳಿದಳು.

"ಬಾಳ್ಳುಪೇಟೆಗೆ ಅಪ್ಪನ್ನ ನೋಡೋಕೆ ಬಂದಿದ್ದೆ. ಹಾಗೇ ಈ ಕಡೆ ಬಂದೆ."

ಆಸ್ಫಿಯಾ ಮೀಟರ್ ನೋಡಿದಳು, ಪುಸ್ತಕ ನೋಡಿದಳು. ಎರಡೂ ಒಂದೇ. ಹಳೆಯದಕ್ಕಿಂತ ಅವಳ ಪ್ಯಾನೆಲ್ ಐದರಲ್ಲಿ ಒಂದು ಪಾಲು ಮುಂದಿತ್ತು. ಆದರೂ ಸಂಶಯ ಇಳಿಯಲಿಲ್ಲ. ಬಗ್ಗಿ ಹಳೆಯ ಗಾಜಿನ ಮೇಲೆ ಬೆರಳಾಡಿಸಿದಳು. ಹಸಿರು ಪಾಚಿ ಮೆತ್ತಿಕೊಂಡಿತು. ತನ್ನ ಗಾಜು ಕನ್ನಡಿಯ ಹಾಗಿತ್ತು.

"ಸರೋಜಮ್ಮ, ಇದನ್ನ ಒರೆಸ್ತೀರಾ?"

"ದಿನಾ ಒರೆಸ್ತೀನಿ ಕಣವ್ವ. ನಿಮ್ದನ್ನ ಮಾತ್ರ."

"ಇನ್ನೊಂದನ್ನ?"

"ಅದ್ಯಾಕೆ? ಇದು ಗೆಲ್ಲಬೇಕು ಅಂತ ಅವತ್ತು ನೀವೇ ಅಂದ್ರಲ್ಲ."

ಅಂದದ್ದು ಹೌದು. ಮೊದಲ ದಿನ ಸರೋಜಮ್ಮನ ಒಲೆ ಮುಂದೆ ಕೂತು ರೊಟ್ಟಿ ತಿನ್ನುತ್ತ ಅಂದಿದ್ದಳು. ಒರೆಸಿದರೆ ಎರಡನ್ನೂ, ಇಲ್ಲವಾದರೆ ಒಂದನ್ನೂ ಒರೆಸಬಾರದೆಂದು ಹೇಳಲು ಮರೆತಿದ್ದಳು.

ಆಸ್ಫಿಯಾ ದುಪಟ್ಟಾದ ತುದಿಯಿಂದ ಹಳೆಯ ಗಾಜನ್ನು ತಿಕ್ಕಿ ತಿಕ್ಕಿ ಒರೆಸಿ ಮೀಟರ್ ನೋಡಿದಳು. ನೂರಕ್ಕೆ ಇಪ್ಪತ್ತಿದ್ದ ಅಂತರ ನಾಲ್ಕಕ್ಕೆ ಕುಸಿಯಿತು.

ಸರೋಜಮ್ಮನಿಗೆ ಪೂರ್ತಿ ಅರ್ಥವಾಗದಿದ್ದರೂ ಏನೋ ಕೆಟ್ಟಿದೆಯೆಂದು ಮುಖ ನೋಡಿಯೇ ತಿಳಿಯಿತು. "ನಾನ್ ಬರ್ದಿದ್ದು ಒಂದೂ ಸುಳ್ಳಲ್ಲ," ಎಂದಳು. ಮತ್ತೆ ದನಿ ತಗ್ಗಿಸಿ, "ಒರೆಸಿದ್ದು ನಾನು ಯಾರ್ಗೂ ಹೇಳಾಕಿಲ್ಲ," ಎಂದಳು.

ಆಸ್ಫಿಯಾ ಅವಳನ್ನೇ ನೋಡಿದಳು. ಹೇಳಬೇಡಿ ಎಂದುಬಿಡುವುದು ಎಷ್ಟು ಸುಲಭವಾಗಿತ್ತೆಂದರೆ ಅವಳಿಗೆ ತನ್ನ ಬಗ್ಗೆಯೇ ಭಯವಾಯಿತು. ಬೇಗ ಫೋನ್ ತೆಗೆದಳು.

"ಸರ್, ಈ ನಾಲ್ಕು ತಿಂಗಳ ಅಂಕಿ ಬಳಸೋ ಹಾಗಿಲ್ಲ. ಮೊದಲಿಂದ ಶುರು ಮಾಡ್ಬೇಕು."

"ನಾನು ಹೇಳ್ಲಿಲ್ವಾ? ಆಯಮ್ಮನೇ ತಾನೆ?"

"ಅಲ್ಲ ಸರ್. ತಪ್ಪು ನಂದು."

ಫೋನ್ ಇಟ್ಟಾಗ ಕಣಿವೆಯಿಂದ ಮಂಜು ಮೇಲೇರಿ ತೋಟದ ಸಿಲ್ವರ್ ಓಕ್ ಮರಗಳನ್ನು ಒಂದೊಂದಾಗಿ ನುಂಗುತ್ತಿತ್ತು. ಬೆಳಕು ಯಾವ ಕಡೆಯಿಂದ ಬರುತ್ತಿದೆಯೆಂದು ಹೇಳುವಂತಿರಲಿಲ್ಲ. ತಾರಸಿಯ ಮೇಲೆ ಇಬ್ಬರಲ್ಲಿ ಯಾರ ನೆರಳೂ ಬಿದ್ದಿರಲಿಲ್ಲ.