ಹದಿನೈದನೆಯ ಹೆಂಗಸು

ನನ್ನ ತಮ್ಮ ಲೊವೆಲ್ ಅಮೆರಿಕದ ಅಧ್ಯಕ್ಷನಾದ ಮೇಲೆ ಕೋಟು ಹಾಕಿದ ಗಂಡಸರು ಟಿ.ವಿ.ಯಲ್ಲಿ ಸಾಲಾಗಿ ಕೂತು, ಅವನನ್ನು ಗೆಲ್ಲಿಸಿದ್ದು ತಾವೇ ಎಂದು ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ. ಆ ಜನವರಿಯ ಸಂಜೆ ನಮ್ಮೂರ ಶಾಲೆಯ ಜಿಮ್‌ನಲ್ಲಿ ಅವರಲ್ಲೊಬ್ಬನೂ ಇರಲಿಲ್ಲ. ನಾನಿದ್ದೆ.

ನಮ್ಮ ಅಯೋವಾ ರಾಜ್ಯದಲ್ಲಿ ನಾವು ಪಕ್ಷದ ಅಭ್ಯರ್ಥಿಯನ್ನು ಆರಿಸುತ್ತಿದ್ದುದು ಚೀಟಿ ಹಾಕಿ ಅಲ್ಲ, ಎಲ್ಲರ ಕಣ್ಣೆದುರು ಅವನ ಮೂಲೆಗೆ ಹೋಗಿ ನಿಂತು. ಅಂದು ಸರಿಯಾಗಿ ನೂರು ಜನ ಬಂದಿದ್ದರು. ಹದಿನೈದು ಜನ ಕೂಡದ ಮೂಲೆ ಲೆಕ್ಕಕ್ಕಿಲ್ಲ. ಲೊವೆಲ್‌ನ ಮೂಲೆಯಲ್ಲಿ ನಾನೂ ಅಮ್ಮನೂ ಸೇರಿ ಹದಿನಾಲ್ಕು ಜನ, ಎಲ್ಲರೂ ಹೆಂಗಸರೇ. ನಮ್ಮ ಗಂಡಂದಿರು ಎದುರು ಮೂಲೆಯಲ್ಲಿ ಯಾರೋ ಗವರ್ನರ್ ಪರ ನಿಂತು ಹಲ್ಲು ಕಿರಿಯುತ್ತಿದ್ದರು. ಅಮ್ಮ ತಾನೇ ಮಾಡಿದ ನಿಂಬೆ ಬಾರ್ ಎಂಬ ಸಿಹಿತಿಂಡಿಯ ತಟ್ಟೆ ಹಿಡಿದು ಎಲ್ಲ ಮೂಲೆಗೂ ಹೋಗಿ ಬಂದಳು. ತಟ್ಟೆ ಖಾಲಿಯಾಯಿತು, ಒಬ್ಬನೂ ಜಾಗ ಬಿಡಲಿಲ್ಲ.

"ಡಾರ್ಲಿನ್, ಇನ್ನು ಹತ್ತೇ ನಿಮಿಷ!" ಸಭೆ ನಡೆಸುತ್ತಿದ್ದ ಗ್ಯಾರಿ ನನ್ನ ಹೆಸರು ಹಿಡಿದು ಕೂಗಿದ.

ಸ್ವಂತ ಊರಲ್ಲೇ ಹದಿನೈದು ಜನ ಸಿಗಲಿಲ್ಲವೆಂದರೆ ಬೆಳಗಾಗುವಷ್ಟರಲ್ಲಿ ದೇಶವೆಲ್ಲ ನಗುತ್ತಿತ್ತು. ಅಲ್ಲಿಗೆ ಅವನ ಕಥೆ ಮುಗಿದಂತೆಯೇ.

ಯಾವ ಮೂಲೆಗೂ ಸೇರದೆ, ಕೋಟೂ ಬಿಚ್ಚದೆ ಜಿಮ್ ನಡುವೆ ಕೂತಿದ್ದವರು ಮಿಸ್ ಓಪ್ಸಾಲ್ ಒಬ್ಬರೇ. ಎಂಬತ್ತೊಂದು ವರ್ಷ. ಊರಿಗೆಲ್ಲ ಮೂರನೇ ತರಗತಿಯಲ್ಲಿ ಪಾಠ ಹೇಳಿದವರು. ಅಪ್ಪ ಸತ್ತ ವರ್ಷ ಲೊವೆಲ್ ಬಾಯಿಬಿಟ್ಟು ಏನನ್ನೂ ಕೇಳುತ್ತಿರಲಿಲ್ಲ. ಪೆನ್ಸಿಲ್ ಇಲ್ಲದಿದ್ದರೆ ಇಡೀ ದಿನ ಬರೆಯದೆ ಕೂತುಬಿಡುತ್ತಿದ್ದ. ಅವನು ಎದ್ದು ನಿಂತು, ಮುಖ ನೋಡಿ, "ನನಗೆ ಪೆನ್ಸಿಲ್ ಬೇಕು" ಎನ್ನುವವರೆಗೂ ಮಿಸ್ ಓಪ್ಸಾಲ್ ಮನೆಗೆ ಬಿಡುತ್ತಿರಲಿಲ್ಲ. ಇಂದು ದೇಶ ಕೇಳುತ್ತಿರುವ ದನಿ ಅವರು ಹೊರಡಿಸಿದ್ದು.

ಹೋಗಿ ಪಕ್ಕದಲ್ಲಿ ಕೂತೆ. "ಮಿಸ್, ನಮ್ಮ ಕಡೆ ಬರಲ್ವಾ? ನೀವು ನಮ್ಮೋರೇ ಅಂದ್ಕೊಂಡಿದ್ವಿ."

"ಹೌದೌದು, ಅಂದ್ಕೊಂಡಿದ್ರಿ. ನಿನ್ನ ತಮ್ಮ ಹಂದಿ ಸಾಕೋರ ಮನೆಗೆಲ್ಲ ಹೋದ. ನನ್ನ ಎದುರುಮನೆಗೂ ಬಂದ. ನಾನು ಕಾಫಿ ಮಾಡಿಟ್ಕೊಂಡು ಕಾದೆ. ನನ್ನ ಕಿಟಕಿ ಕಡೆ ಕೈ ಬೀಸಿ ಹೊರಟೇಹೋದ ಕಣೇ. ವೋಟು ಕೇಳ್ಲೇ ಇಲ್ಲ."

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಯಾರ್ಯಾರ ಮನೆಗೆ ಹೋಗಬೇಕೆಂದು ಪಟ್ಟಿ ಬರೆದವಳು ನಾನು. ಹೇಗಿದ್ದರೂ ನಮ್ಮವರು ಎಂದು ಅವರ ಹೆಸರು ಬಿಟ್ಟವಳೂ ನಾನೇ.

"ಪಟ್ಟಿ ಮಾಡಿದ್ದು ನಾನು ಮಿಸ್. ನನಗೆ ಬೈರಿ."

"ನಿನಗೆ ಆಮೇಲೆ ಬೈತೀನಿ. ಕೇಳ್ಬೇಕಾದೋನು ಅವನು."

ನಮ್ಮ ರಾಜ್ಯದ ರಾಜಧಾನಿಯ ಹೋಟೆಲಿನಲ್ಲಿದ್ದ ಲೊವೆಲ್‌ಗೆ ಫೋನ್ ಹಚ್ಚಿದೆ. ಗಡಿಬಿಡಿಯಲ್ಲಿ ವಿಷಯ ಹೇಳಿ, ಸ್ಪೀಕರ್ ಒತ್ತಿ ಅವರ ಮುಂದೆ ಹಿಡಿದೆ.

"ಮಿಸ್ ಓಪ್ಸಾಲ್..." ಎಂದವನಿಗೆ ಮಾತೇ ಹೊರಡಲಿಲ್ಲ.

"ಏನಯ್ಯಾ, ಪೆನ್ಸಿಲ್ ಬೇಕಾ?" ಎದುರು ಮೂಲೆಯಿಂದ ನನ್ನ ಗಂಡ ಕೂಗಿದ. ಜಿಮ್ ತುಂಬ ನಗು. ಮಿಸ್ ಓಪ್ಸಾಲ್ ಒಮ್ಮೆ ತಿರುಗಿ ನೋಡಿದರು. ಐವತ್ತೈದು ವರ್ಷದ ನನ್ನ ಗಂಡ ತಲೆ ತಗ್ಗಿಸಿದ.

"ಕೂತಿದ್ದೀಯಾ, ನಿಂತಿದ್ದೀಯಾ ಲೊವೆಲ್?"

ಫೋನಿನಲ್ಲಿ ಕುರ್ಚಿ ಸರಿದ ಸದ್ದು ಕೇಳಿಸಿತು.

"ನಿಂತಿದ್ದೀನಿ ಮಿಸ್. ತಪ್ಪಾಯ್ತು. ನನಗೆ ನಿಮ್ಮ ವೋಟು ಬೇಕು."

ಅವರು ಕೋಲೂರಿ ಎದ್ದರು. ನಾನು ಕೈ ಕೊಡಹೋದರೆ ಬೇಡವೆಂದರು. ಒಂದೊಂದೇ ಹೆಜ್ಜೆ ಇಟ್ಟು ನಮ್ಮ ಮೂಲೆಗೆ ಬಂದು, ಅಮ್ಮನ ಪಕ್ಕ ನಿಂತರು. ಗ್ಯಾರಿ ತಲೆ ಎಣಿಸಿ, "ಹದಿನೈದು!" ಎಂದ. ಅಮ್ಮ ಅತ್ತಳು, ನಾನೂ ಅತ್ತೆ. ಅಂಥ ಹೆಮ್ಮೆ ನನಗೆ ಶ್ವೇತಭವನದ ಮೆಟ್ಟಿಲ ಮೇಲೂ ಆಗಲಿಲ್ಲ.

ಗಲಾಟೆ ಇಳಿದ ಮೇಲೆ ಮಿಸ್ ಓಪ್ಸಾಲ್ ನನ್ನ ಕೈಯಿಂದ ಫೋನ್ ತೆಗೆದುಕೊಂಡರು.

"ಲೊವೆಲ್, ಇನ್ನು ಕೂತ್ಕೋ."